ಜಾರುಕೊಳವೆ ತುತ್ತೂರಿ: ಚಿತ್ರಗಳ ಸಾಕ್ಷ್ಯ

15ನೇ ಶತಮಾನದ ಯುರೋಪಿನಲ್ಲಿ ಬಳಕೆಯಲ್ಲಿತ್ತೆನ್ನುವ ಜಾರುಕೊಳವೆ ತುತ್ತೂರಿಯ ಒಂದೇ ಒಂದು ಮಾದರಿಯೂ ಆ ಕಾಲದಿಂದ ಉಳಿದುಬಂದಿಲ್ಲ. ಅದರ ಚರಿತ್ರೆಗೆ ಮುಖ್ಯ ಆಧಾರ ಹಳೆಯ ಚಿತ್ರಗಳೇ. ಹಾನ್ಸ್ ಮೆಮ್ಲಿಂಗ್ ಸ್ಪೇನಿನ ನಾಹೆರಾ ಮಠಕ್ಕಾಗಿ ಬರೆದ, ಈಗ ಆಂಟ್ವರ್ಪ್‌ನ ವಸ್ತುಸಂಗ್ರಹಾಲಯದಲ್ಲಿರುವ ಫಲಕಗಳು ಇವುಗಳಲ್ಲಿ ಹೆಸರಾದವು. ಅಲ್ಲಿ ಲ್ಯೂಟ್, ಹಾರ್ಪ್ ಹಾಗೂ ಶಹನಾಯಿಯ ಬಳಗದ ಶಾಮ್ ನುಡಿಸುವ ದೇವದೂತರ ನಡುವೆ ಮಡಚಿದ ಕೊಳವೆಯ ತುತ್ತೂರಿಯೂ ಇದೆ. ಆದರೆ ಮಡಿಕೆಯೊಂದರಿಂದಲೇ ಕೊಳವೆ ಜಾರುತ್ತಿತ್ತೆಂದು ಹೇಳಲಾಗದು. ವಾದ್ಯವನ್ನು ಗುರುತಿಸಲು ಅದರ ಆಕಾರಕ್ಕಿಂತ ವಾದಕನ ಕೈಗಳೇ ಹೆಚ್ಚು ನಂಬಲರ್ಹ. ಆ ಶತಮಾನದ ಹಲವು ಚಿತ್ರಗಳಲ್ಲಿ ಒಂದು ಕೈ ತುಟಿಯ ಬಳಿ ಊದುಬಾಯಿಯನ್ನು ಒತ್ತಿಹಿಡಿದಿದ್ದರೆ, ಇನ್ನೊಂದು ವಾದ್ಯದ ಒಡಲನ್ನು ಹಿಡಿದಿದೆ. ಊದುಬಾಯಿಯ ನೀಳ ಕೊಳವೆಯ ಮೇಲೆ ಇಡೀ ತುತ್ತೂರಿಯನ್ನೇ ಹಿಂದೆ ಮುಂದೆ ಸರಿಸುವವನಿಗೆ ಈ ಹಿಡಿತ ಬೇಕೇಬೇಕು.

ಸಂಗೀತ ವಿದ್ವಾಂಸ ಕುರ್ಟ್ ಸಾಕ್ಸ್ 1950ರ ಲೇಖನದಲ್ಲಿ ಇಂಥ ತುತ್ತೂರಿಯ ಪರ ವಾದಿಸಿದರು. 1984ರಲ್ಲಿ ಪೀಟರ್ ಡೌನಿ ಅದನ್ನು ಅಲ್ಲಗಳೆದರು. ಆ ಕಾಲದಲ್ಲಿ ಅಂಥ ವಾದ್ಯವೇ ಇರಲಿಲ್ಲವೆಂಬುದು ಅವರ ನಿಲುವು. ಊದುಬಾಯಿಯ ಬಳಿ ಇರುವ ಕೈ ವಾದ್ಯ ಅಲುಗದಂತೆ ತಡೆಯಲೆಂದೇ ಇರಬಹುದು, ಚಿತ್ರಕಾರ ಹಳೆಯ ಚಿತ್ರವನ್ನೇ ನಕಲು ಮಾಡಿರಬಹುದು ಎಂಬ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಚಿತ್ರವೊಂದೇ ಸಾಕ್ಷಿಯಾಗಿದ್ದರೆ ವಾದ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ತುತ್ತೂರಿಯ ಜೊತೆಗಾರರನ್ನೂ ನೋಡಬೇಕು. ಆಸ್ಥಾನದ ನೃತ್ಯಗಳಿಗೆ ಅದು ಶಾಮ್‌ಗಳೊಡನೆ ಸೇರಿ ನುಡಿಯುತ್ತಿತ್ತು. ಉದ್ದ ಬದಲಾಗದ ಕೊಳವೆ ಕೆಳಸ್ಥಾಯಿಯಲ್ಲಿ ಷಡ್ಜ, ಪಂಚಮ, ಮೇಲಿನ ಷಡ್ಜ, ಗಾಂಧಾರ ಎಂದು ಹಾರಿಹಾರಿ ನಡೆಯುತ್ತದೆ. ನಡುವಣ ಸ್ವರಗಳು ಅದಕ್ಕೆ ದಕ್ಕುವುದಿಲ್ಲ. ಅಂಥ ವಾದ್ಯ ಶಾಮ್‌ಗಳ ರಾಗಕ್ಕೆ ಹೇಗೆ ಜೊತೆಯಾದೀತು? ಬರ್ಗಂಡಿ ಆಸ್ಥಾನದ ಲೆಕ್ಕಪತ್ರಗಳು ಯುದ್ಧದ ತುತ್ತೂರಿಯನ್ನೂ ವಾದ್ಯಗಾರರ ತುತ್ತೂರಿಯನ್ನೂ ಬೇರೆಬೇರೆಯಾಗಿ ಹೆಸರಿಸುತ್ತವೆ. ಡೌನಿಯವರ ಆಕ್ಷೇಪಕ್ಕೆ ಇವೆರಡೂ ಗಟ್ಟಿ ಉತ್ತರ.

ಕೊಳವೆ ಜಾರುವ ತುತ್ತೂರಿ ಕಲ್ಪನೆಯಲ್ಲ ಎಂಬುದಕ್ಕೆ ನೌಂಬುರ್ಗ್‌ನ ಹುನ್ಸ್ ಫೈಟ್ 1651ರಲ್ಲಿ ಮಾಡಿದ, ಬರ್ಲಿನ್ನಿನಲ್ಲಿ ಉಳಿದಿರುವ ವಾದ್ಯವೇ ಪುರಾವೆ. ಬಾಖ್ ಕೂಡ ಲೈಪ್‌ಝಿಗ್‌ನಲ್ಲಿ ರಚಿಸಿದ ಕೆಲವು ಕಾಂಟಾಟಾಗಳಲ್ಲಿ ಎಳೆಯುವ ತುತ್ತೂರಿಯನ್ನು ಹೆಸರಿಸಿಯೇ ಬಳಸಿದ್ದಾನೆ. ಇವು ಮೆಮ್ಲಿಂಗ್‌ನ ಕಾಲಕ್ಕಿಂತ ಬಹಳ ಈಚಿನವು, ನಿಜ. ಹೀಗಾಗಿ ಇವು ಅಂಥ ವಾದ್ಯ ಸಾಧ್ಯವೆಂದು ತೋರಿಸುತ್ತವೆಯೇ ಹೊರತು 15ನೇ ಶತಮಾನದ ಬಳಕೆಯನ್ನು ಸ್ಥಾಪಿಸುವುದಿಲ್ಲ. ಆ ಭಾರವನ್ನು ಕೈಯ ಹಿಡಿತ, ಸಂಗೀತದ ಅಗತ್ಯ ಮತ್ತು ಲೆಕ್ಕಪತ್ರ ಮೂರೂ ಸೇರಿ ಹೊರುತ್ತವೆ. ಈ ಮೂರರ ಬಲದಿಂದ ಜಾರುಕೊಳವೆ ತುತ್ತೂರಿ ಇತ್ತೆಂದು ಒಪ್ಪಬಹುದು. ಮಡಚಿದ ಕೊಳವೆ ಕಂಡ ಚಿತ್ರಕ್ಕೆಲ್ಲ ಆ ಹೆಸರು ಅಂಟಿಸುವುದು ಮಾತ್ರ ತಪ್ಪು.