ಅಹ್ಮದ್ ಖಾನೀಯ ಕಾಲ: ಒಂದು ಪಶ್ಚಾತ್ತಾಪ ಪ್ರಾರ್ಥನೆಯ ಸಾಕ್ಷ್ಯ

ಕುರ್ದೀ ಭಾಷೆಯ ಪ್ರೌಢಕವಿಗಳಲ್ಲಿ ಅಗ್ರಗಣ್ಯನಾದ ಅಹ್ಮದ್ ಖಾನೀಯು ಹಿಜರಿ 1063ರಲ್ಲಿ ದಿವಂಗತನಾದನೆಂಬ ಹೇಳಿಕೆಯು, ಅರ್ಜರೂಮಿನಲ್ಲಿ ರಷ್ಯದ ರಾಯಭಾರಿ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಜಾಬಾ 1860ರಲ್ಲಿ ಪ್ರಕಟಿಸಿದ ವೃತ್ತಾಂತ ಸಂಗ್ರಹದಲ್ಲಿ ಕಾಣಿಸಿಕೊಂಡು, ಆ ಬಳಿಕ ಮೂಲಗ್ರಂಥವನ್ನು ತೆರೆದು ನೋಡುವ ಶ್ರಮವನ್ನು ವಹಿಸದವರ ಬರಹಗಳಲ್ಲಿ ಬಹುಕಾಲ ಉಳಿದುಕೊಂಡಿತು. ಜಾಬಾನಿಗೆ ನೆರವಾದ ಮುಲ್ಲಾ ಮಹಮೂದ್ ಬಾಯಜೀದಿಯು ಖಾನೀ ಬಾಳಿದ ಬಾಯಜೀದ್ ಪಟ್ಟಣದವನೇ ಆದುದರಿಂದ ಆತನ ಮಾತಿಗೆ ಊರಿನ ಸಾಕ್ಷ್ಯದ ತೂಕ ಬಂದಿತು. ಕುರ್ದೀ ವಾಙ್ಮಯಕ್ಕೆ ಆ ಮುಲ್ಲಾ ಮಾಡಿರುವ ಉಪಕಾರ ಅಪಾರವಾದುದು. ಆದರೆ ಕವಿಯ ಸ್ವವಚನದ ಎದುರಿನಲ್ಲಿ ಊರವರ ನೆನಪು ನಿಲ್ಲಲಾರದು.

ಆ ಸ್ವವಚನವಿರುವುದು ಆತನ ಪ್ರೇಮಕಾವ್ಯವಾದ ‘ಮೆಮ್ ಊ ಜೀನ್’ ಎಂಬ ಮಸ್ನವಿಯ (ದ್ವಿಪದಿಗಳ ಕಥನಕಾವ್ಯದ) ಉಪಸಂಹಾರದಲ್ಲಿ. ತಾನು ಅವ್ಯಕ್ತದಿಂದ ಈ ಲೋಕಕ್ಕೆ ಬಂದ ವರ್ಷ ಹಿಜರಿ 1061 ಎಂದೂ, ಈಗ ತನ್ನ ವಯಸ್ಸು ನಲವತ್ತನಾಲ್ಕನ್ನು ಮುಟ್ಟಿತೆಂದೂ ಕವಿ ಅಲ್ಲಿ ಸ್ಪಷ್ಟವಾಗಿ ನಿವೇದಿಸಿಕೊಂಡಿದ್ದಾನೆ. ಹೀಗಿರಲು, 1063ರಲ್ಲಿ ತೀರಿಕೊಂಡವನು ಎರಡು ವರ್ಷದ ಶಿಶುವಾಗಿರಬೇಕಾಗುತ್ತದೆ! ಕುರಾನ್ ಪಠಣವನ್ನು ಮುಗಿಸಿದ ಕುರ್ದೀ ಮಕ್ಕಳಿಗಾಗಿ ಆತನು ಪದ್ಯರೂಪದಲ್ಲಿ ರಚಿಸಿದ ಅರಬ್ಬೀ–ಕುರ್ದೀ ನಿಘಂಟಾದ ‘ನೂಬಿಹಾರ್’ ಕ್ರಿ.ಶ. 1683ರದು. ಮತತತ್ತ್ವವನ್ನು ನಿರೂಪಿಸುವ ‘ಅಕೀದಾ’ ಕ್ರಿ.ಶ. 1687ರದು. ಇವೆರಡೂ ಅದೇ ತೀರ್ಮಾನವನ್ನು ಬಲಪಡಿಸುತ್ತವೆ.

ಇಷ್ಟು ಸುಲಭವಾದ ಸಾಕ್ಷ್ಯ ಕಣ್ತಪ್ಪಿದುದೇಕೆ? ನನ್ನ ಅಭಿಪ್ರಾಯದಲ್ಲಿ, ಅದು ಚಾರಿತ್ರಿಕ ಟಿಪ್ಪಣಿಯ ರೂಪದಲ್ಲಿರದೆ ಪಶ್ಚಾತ್ತಾಪದ ನಿವೇದನೆಯೊಳಗೆ ಸೇರಿಕೊಂಡಿರುವುದೇ ಕಾರಣ. ಪಾಪಿಗಳ ಸಾಲಿನಲ್ಲಿ ತನ್ನನ್ನೇ ಮೊದಲಿಗನನ್ನಾಗಿ ನಿಲ್ಲಿಸಿಕೊಂಡು, ಕಳೆದುಹೋದ ಆಯುಸ್ಸನ್ನು ಪರಮಾತ್ಮನ ಮುಂದೆ ಎಣಿಸಿ ಒಪ್ಪಿಸುವ ಸಂದರ್ಭದಲ್ಲಿ ಕವಿಗೆ ತನ್ನ ವಯಸ್ಸನ್ನು ಹೇಳಬೇಕಾಗಿ ಬಂದಿದೆ. ಈ ಕಾವ್ಯವನ್ನು ಕುರ್ದರ ಸ್ವಾತಂತ್ರ್ಯಾಕಾಂಕ್ಷೆಯ ಘೋಷಣೆಯೆಂದಷ್ಟೇ ಓದಿದ ಆಧುನಿಕ ವಿಮರ್ಶಕರು, ಪೀಠಿಕೆಯಲ್ಲಿ ಕುರ್ದರ ಅನೈಕ್ಯಕ್ಕಾಗಿ ಕವಿ ಮರುಗುವ ಭಾಗವನ್ನು ಮಾತ್ರ ಎತ್ತಿಕೊಂಡು (ಆ ಭಾಗದ ಮಹತ್ತ್ವವನ್ನು ನಾನು ಅಲ್ಲಗಳೆಯುವುದಿಲ್ಲ), ಅದಕ್ಕೆ ಮುನ್ನ ಬರುವ ಈಶ್ವರಸ್ತುತಿಯನ್ನೂ ಪ್ರವಾದಿಯ ಪ್ರಶಂಸೆಯನ್ನೂ, ಕೊನೆಯ ನಿವೇದನೆಯನ್ನೂ ಸಂಪ್ರದಾಯದ ಅಲಂಕಾರವೆಂದು ದಾಟಿಬಿಡುತ್ತಾರೆ. ಪಾರಸೀ ಕವಿ ನಿಜಾಮಿಯ ‘ಲೈಲಾ ಮಜ್ನೂ’ ಕಾವ್ಯದ ಛಂದಸ್ಸನ್ನೇ ಹಿಡಿದು ಬರೆದ ಕವಿಗೆ ಸಂಪ್ರದಾಯವೆಂಬುದು ಹೊರಗಿನ ಹೊದಿಕೆಯಾಗಿರಲಿಲ್ಲ. ಮೆಮ್ ಮತ್ತು ಜೀನರ ಪ್ರೇಮವು ದೈವಪ್ರೇಮದಲ್ಲಿ ಲೀನವಾಗುವ ಕಥೆಯೇ ಅದರೊಳಗಿಂದ ಬೆಳೆದುದು.

ಇನ್ನು ಗಣಿತ. ಇಲ್ಲಿಯೂ ಅವಸರದ ಲೆಕ್ಕ ಹಾದಿ ತಪ್ಪಿಸಿದೆ. 1061ನ್ನು ಕ್ರಿ.ಶ. 1651 ಎಂದು ಹಿಡಿದು, ಅದಕ್ಕೆ 44ನ್ನು ಕೂಡಿಸಿ, ಕಾವ್ಯವನ್ನು 1695ರದೆನ್ನುವವರಿದ್ದಾರೆ. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನಗಳದು. ನಲವತ್ತನಾಲ್ಕು ವರ್ಷಗಳಲ್ಲಿ ಅದು ಸೌರಮಾನಕ್ಕಿಂತ ಸುಮಾರು ಹದಿನಾರು ತಿಂಗಳು ಹಿಂದೆ ಬೀಳುತ್ತದೆ. ಆದುದರಿಂದ ಕೂಡಿಸಬೇಕಾದುದು ಹಿಜರಿಯಲ್ಲಿಯೇ: 1061ಕ್ಕೆ 44 ಸೇರಿದರೆ 1105, ಅದು 1693ರ ಸೆಪ್ಟೆಂಬರಿನಿಂದ 1694ರ ಆಗಸ್ಟಿನವರೆಗೆ ನಡೆದ ವರ್ಷ. ನಲವತ್ತನಾಲ್ಕನೆಯ ವರ್ಷ ಆಗತಾನೆ ಹಿಡಿದಿತ್ತೆಂದು ಭಾವಿಸಿದರೆ 1104 ದೊರೆತು, ಹಲವು ಪುಸ್ತಕಗಳಲ್ಲಿ ಕಾಣುವ 1692 ಎಂಬ ಕಾಲಕ್ಕೆ ಎಡೆಯಾಗುವುದು ನಿಜ. ಆದರೆ ಕಳೆದ ಆಯುಸ್ಸಿಗಾಗಿ ಪರಿತಪಿಸುವವನು ತುಂಬಿದ ವರ್ಷಗಳನ್ನೇ ಎಣಿಸುವುದು ಸಹಜವಾದುದರಿಂದ ಆ ಪಕ್ಷ ದುರ್ಬಲವೆಂದೇ ನನ್ನ ನಿರ್ಣಯ.

1919ರಲ್ಲಿ ಇಸ್ತಾಂಬುಲಿನಲ್ಲಿಯೂ, 1962ರಲ್ಲಿ ರುದೆಂಕೊ ಅವರ ಸಂಪಾದಕತ್ವದಲ್ಲಿ ಮಾಸ್ಕೋದಲ್ಲಿಯೂ ಅಚ್ಚಾದ ಈ ಕೃತಿಯನ್ನು ಇನ್ನು ಮುಂದೆ ಸಂಪಾದಿಸುವವರು ರಚನಾಕಾಲವನ್ನು ಮೊದಲು ಹಿಜರಿ 1105 ಎಂದೇ ಮುದ್ರಿಸಿ, ಕ್ರಿಸ್ತಶಕವನ್ನು ಅದರ ಪಕ್ಕದಲ್ಲಿ 1693–94 ಎಂದು ಕೊಡಬೇಕೆಂದು ವಿನಂತಿಸುತ್ತೇನೆ.