ಶಿಳ್ಳೆಯಲ್ಲೇ ವಿಮರ್ಶೆ

ಮಧುಗಿರಿ, ಶಿರಾ, ಪಾವಗಡ ಸೀಮೆಯ ಹಳ್ಳಿಗರಿಗೆ ಸಿನಿಮಾ ಎಂದರೆ ಬಹುಕಾಲ ಟೂರಿಂಗ್ ಟಾಕೀಸಿನ ಟೆಂಟು. ಮುಂದೆ ನೆಲ, ಹಿಂದೆ ಬೆಂಚು, ಕುರ್ಚಿ. ಪ್ರೊಜೆಕ್ಟರ್ ಒಂದೇ, ರೀಲು ಬದಲಿಸುವಾಗ ಬೀಡಿಯ ಹೊಗೆಯ ನಡುವೆ ದೀಪ ಹತ್ತುತ್ತಿತ್ತು. ಆ ಬಿಡುವಿನಲ್ಲೇ ಫೈಟಿನ ವಿಮರ್ಶೆ.

ಅಂಥ ಫೈಟು ತುಂಬಿದ ಸೇಡಿನ ಚಿತ್ರಗಳಲ್ಲಿ 1981ರ ‘ಅಂತ’ದಷ್ಟು ಚರ್ಚೆಯಾದದ್ದು ಕಡಿಮೆ. ‘ಸುಧಾ’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಎಚ್.ಕೆ. ಅನಂತರಾವ್ ಅವರ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು ತೆರೆಗೆ ತಂದರು. ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಪಾತಕಿ ಕನ್ವರ್‌ಲಾಲ್ ಇಬ್ಬರೂ ಅಂಬರೀಶರೇ. ಚಿತ್ರಹಿಂಸೆಯ ದೃಶ್ಯಗಳು ಅತಿಯಾದವು ಎಂಬ ಆಕ್ಷೇಪ ಬಲವಾಗಿಯೇ ಎದ್ದಿತು. ಅದು ನ್ಯಾಯವೂ ಹೌದು. ಆದರೆ ಭ್ರಷ್ಟರ ಮೇಲಿನ ಜನರ ಸಿಟ್ಟಿಗೆ ಅಲ್ಲೊಂದು ಮುಖ ಸಿಕ್ಕಿತ್ತು. ಕನ್ವರ್‌ಲಾಲನ ಗತ್ತು, ಮಾತು ಪ್ರೇಕ್ಷಕರ ಬಾಯಲ್ಲೇ ಉಳಿದವು.

1995ರಲ್ಲಿ ಉಪೇಂದ್ರ ನಿರ್ದೇಶನದ ‘ಓಂ’ ಬಂತು. ಶಿವರಾಜ್‌ಕುಮಾರ್ ಮಚ್ಚು ಹಿಡಿದ ಆ ಚಿತ್ರ ಮತ್ತೆ ಮತ್ತೆ ಬಿಡುಗಡೆಯಾಯಿತು, ಪ್ರತಿ ಸಲವೂ ಶಿಳ್ಳೆ ಕೇಳಿಸಿತು.