ಬದಲಾವಣೆಯ ನೋಟಿಸ್
ಕೆಲಸದ ಷರತ್ತು ಬದಲಿಸುವ ಮುನ್ನ ಆಡಳಿತವು ಕಾರ್ಮಿಕರಿಗೆ ಕೊಡಬೇಕಾದ ಲಿಖಿತ ಸೂಚನೆ. 1956ರ ತಿದ್ದುಪಡಿಯು ಕೈಗಾರಿಕಾ ವಿವಾದಗಳ ಕಾಯ್ದೆಗೆ ಸೇರಿಸಿದ 9ಎ ಕಲಮಿನಂತೆ ವೇತನ, ಪಾಳಿ, ರಜೆ, ಆಳು ಕಡಿಮೆ ಮಾಡಬಲ್ಲ ಯಂತ್ರಸುಧಾರಣೆ ಮುಂತಾದವುಗಳಿಗೆ ನೋಟಿಸ್ ಕೊಟ್ಟು 21 ದಿನ ಕಾಯಬೇಕಿತ್ತು. ಸಂಘದೊಡನೆ ಆದ ಒಪ್ಪಂದದಂತೆ ನಡೆಯುವ ಬದಲಾವಣೆಗೆ ಇದು ಬೇಕಿರಲಿಲ್ಲ. ಕೇಂದ್ರ ನಿಯಮಗಳ ಪ್ರಕಾರ ನೋಟಿಸನ್ನು ಮುಖ್ಯ ದ್ವಾರದ ಫಲಕಕ್ಕೆ ಹಚ್ಚಿ, ನೋಂದಾಯಿತ ಸಂಘದ ಕಾರ್ಯದರ್ಶಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಬೇಕಿತ್ತು. ಸ್ಥಾಯಿ ಆದೇಶಗಳ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, ವಿಷಯದಲ್ಲಿ 1946ರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿತ್ತು: ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಅವು ಇರಬೇಕಿತ್ತು. ಕನ್ನಡ, ತಮಿಳು, ತೆಲುಗು, ಉರ್ದು ಒಟ್ಟಿಗೆ ಕೇಳಿಬರುವ ಬೆಂಗಳೂರಿನ ಪೂರ್ವಭಾಗದಲ್ಲಿ ಇದು ಸಣ್ಣ ಮಾತಲ್ಲ.

ಅದೇ ಭಾಗದಲ್ಲಿ, ಕೃಷ್ಣರಾಜಪುರದ ಬಳಿಯ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ದೂರವಾಣಿ ಉಪಕರಣ ಕಾರ್ಖಾನೆ ಐಟಿಐ, ಸ್ಟ್ರೌಜರ್ ಎಕ್ಸ್‌ಚೇಂಜುಗಳಿಂದ ಕ್ರಾಸ್‌ಬಾರ್‌ಗೆ, ಅಲ್ಲಿಂದ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಹೊರಳಿತು. ಪ್ರತಿ ಹೊರಳಿಗೂ ಹಳೆಯ ಕೈಚಳಕದ ಬೆಲೆ ಇಳಿಯಿತು. ಆದರೆ 1980–81ರಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದು ಯಂತ್ರಸುಧಾರಣೆಯ ಕಾರಣಕ್ಕಲ್ಲ, ಮತ್ತೊಂದು ಸರ್ಕಾರಿ ಉದ್ಯಮವಾದ ಬಿಎಚ್‌ಇಎಲ್‌ಗೆ ಸಮನಾದ ವೇತನಕ್ಕಾಗಿ. ಫಲಕಕ್ಕೆ ಹಚ್ಚಿದ ನೋಟಿಸ್ ಮಾಹಿತಿ ಕೊಡುತ್ತದೆ. ಆದರೆ ಅದು ಮಾತುಕತೆಯ ಜಾಗ ತುಂಬುವುದಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ 40ನೇ ಕಲಮಿನಲ್ಲಿ ಅದೇ 21 ದಿನವನ್ನು ಇರಿಸಿಕೊಂಡಿದೆ.